ಗಿಡಗಳು ಯೋಚನೆ ಮಾಡುತ್ತವಾ?

ಪ್ರಶ್ನೆ: ಮುಟ್ಟಿದರೆ ಮುನಿ ಗಿಡ ಬೆರಳು ತಾಗಿದ ಕೂಡಲೇ ಮುದುಡಿಕೊಳ್ಳುತ್ತದೆ. ಹಾಗಾದರೆ ಗಿಡಗಳಿಗೂ ಯೋಚನೆ ಮಾಡೋಕೆ ಬರುತ್ತಾ?

ಇಲ್ಲ ಅನ್ನೋದೇ ಸದ್ಯಕ್ಕೆ ಹೆಚ್ಚಿನ ಸಸ್ಯ ವಿಜ್ಞಾನಿಗಳ ಉತ್ತರ. ನನ್ನದೂ ಅದೇ. ಆದರೆ ಈ ಗಿಡದ ಕತೆ ಅಷ್ಟಕ್ಕೇ ಮುಗಿಯೋದಿಲ್ಲ.

ಮೊದಲು ಎಲೆಯ ಬುಡ ನೋಡಿ. ಅಲ್ಲೊಂದು ಸಣ್ಣ ಉಬ್ಬು ಇರುತ್ತದೆ. ಮುಟ್ಟಿದಾಗ ಅಲ್ಲಿಗೆ ವಿದ್ಯುತ್ ಸಂಕೇತ ತಲುಪುತ್ತದೆ. ಉಬ್ಬಿನ ಒಂದು ಬದಿಯ ಕೋಶಗಳಿಂದ ಪೊಟ್ಯಾಸಿಯಂ ಆಚೆ ಬರುತ್ತದೆ, ಅದರ ಬೆನ್ನಿಗೇ ನೀರು. ಆ ಬದಿ ಸಡಿಲವಾಗಿ ಎಲೆ ಮಡಚಿಕೊಳ್ಳುತ್ತದೆ. ಇದಕ್ಕೆ ಯೋಚನೆ ಬೇಕಿಲ್ಲ. ಈ ವಿದ್ಯುತ್ ಓಡಾಟವನ್ನು ಜಗದೀಶ್ ಚಂದ್ರ ಬೋಸ್ ನೂರು ವರ್ಷಕ್ಕೂ ಹಿಂದೆಯೇ ಕಲ್ಕತ್ತಾದಲ್ಲಿ ಇದೇ ಗಿಡದ ಮೇಲೆ ಅಳೆದು ನೋಡಿದ್ದರು.

ಹೊಸದಾಗಿ ಜಗಳ ಹತ್ತಿಸಿದ್ದು 2014ರ ಒಂದು ಪ್ರಯೋಗ. ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿ ಮೋನಿಕಾ ಗಾಗ್ಲಿಯಾನೋ ಮತ್ತು ಜೊತೆಯವರು ಈ ಗಿಡದ ಕುಂಡಗಳನ್ನು 15 ಸೆಂಟಿಮೀಟರ್ ಎತ್ತರದಿಂದ ಬೀಳಿಸಿದರು, ಒಂದೊಂದು ಸರದಿಗೆ 60 ಸಲ. ಮೊದಮೊದಲು ಎಲೆಗಳು ಮುದುಡಿದವು. ಬರ್ತಾ ಬರ್ತಾ ಗಿಡ ಕ್ಯಾರೇ ಅನ್ನಲಿಲ್ಲ. ಸುಸ್ತಾಗಿರಬಹುದು ಅಲ್ವಾ? ಅದಕ್ಕೇ ಕುಂಡವನ್ನು ಬೇರೆ ಥರ ಅಲ್ಲಾಡಿಸಿ ನೋಡಿದರು. ತಕ್ಷಣ ಮುದುಡಿತು! 28 ದಿನ ಬಿಟ್ಟು ಬೀಳಿಸಿದಾಗಲೂ ಎಲೆಗಳು ಹೆದರಲಿಲ್ಲವಂತೆ. ಬೀಳೋದರಿಂದ ಅಪಾಯವಿಲ್ಲ ಅಂತ ಗಿಡ ಕಲಿತು ನೆನಪಿಟ್ಟುಕೊಂಡಿದೆ ಅನ್ನೋದು ಅವರ ವಾದ. ಬೆಳಕು ಕಡಿಮೆ ಇದ್ದ ಗಿಡಗಳು ಇನ್ನೂ ಬೇಗ ಕಲಿತವು. ಎಲೆ ಮುಚ್ಚಿದಷ್ಟು ಹೊತ್ತು ಊಟ ತಯಾರಿ ಕಡಿಮೆಯಾಗುತ್ತದೆ ನೋಡಿ, ಹೊಟ್ಟೆಪಾಡು!

ಟೀಕಾಕಾರರು ಸುಮ್ನಿರಲಿಲ್ಲ. ಅಲ್ಲಾಡಿಸಿದ್ದು ಬೀಳಿಸಿದ್ದಕ್ಕಿಂತ ಜೋರಾಗಿದ್ದರೆ ದಣಿದ ಗಿಡವೂ ಮುದುಡಬಹುದಲ್ಲ? ಈ ಆಕ್ಷೇಪಣೆ ನನಗೆ ಸರಿ ಅನ್ನಿಸುತ್ತದೆ. ಗಾಗ್ಲಿಯಾನೋ ತಂಡ 2016ರಲ್ಲಿ ಬಟಾಣಿ ಸಸಿಗಳ ಮೇಲೂ ಪ್ರಯೋಗ ಮಾಡಿತು. ಫ್ಯಾನಿನ ಗಾಳಿ ಬಂದ ಕಡೆಗೇ ಬೆಳಕು ಬರುತ್ತದೆ ಅಂತ ಸಸಿಗಳು ಕಲಿತವು ಎಂದು ಬರೆಯಿತು. 2020ರಲ್ಲಿ ಕೇಸಿ ಮಾರ್ಕೆಲ್ ಅನ್ನೋ ಸಂಶೋಧಕರು ಇನ್ನೂ ಜಾಸ್ತಿ ಸಸಿ ಇಟ್ಟು ಅದನ್ನೇ ಮಾಡಿದಾಗ ಹಾಗೇನೂ ಕಾಣಲಿಲ್ಲ. ಅಷ್ಟರಲ್ಲಿ, 2019ರಲ್ಲೇ, ಸಸ್ಯ ವಿಜ್ಞಾನಿ ಲಿಂಕನ್ ಟೈಜ್ ಮತ್ತು ಸಂಗಡಿಗರು ಗಿಡಗಳಿಗೆ ಪ್ರಜ್ಞೆ ಇಲ್ಲ, ಬೇಕಾಗಿಯೂ ಇಲ್ಲ ಎಂದು ಖಡಾಖಂಡಿತ ಬರೆದಿದ್ದರು.

ಹಾಗಂತ ಮಿದುಳಿಲ್ಲದೆ ನೆನಪೇ ಇರಲ್ಲ ಅನ್ನೋದೂ ತಪ್ಪು. ನೊಣ ಹಿಡಿಯುವ ವೀನಸ್ ಫ್ಲೈಟ್ರ್ಯಾಪ್ ಗಿಡದ ಎಲೆಯಲ್ಲಿ ಸೂಕ್ಷ್ಮ ಕೂದಲುಗಳಿವೆ. ಒಂದು ಸಲ ಮುಟ್ಟಿದರೆ ಬಾಯಿ ಮುಚ್ಚಲ್ಲ. 20–30 ಸೆಕೆಂಡಿನೊಳಗೆ ಇನ್ನೊಮ್ಮೆ ಮುಟ್ಟಬೇಕು. ಮೊದಲ ಸ್ಪರ್ಶಕ್ಕೆ ಕೋಶದೊಳಗೆ ಏರಿದ ಕ್ಯಾಲ್ಸಿಯಂ ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ಅದು ಪೂರ್ತಿ ಇಳಿಯುವ ಮೊದಲು ಎರಡನೇ ಸ್ಪರ್ಶ ಬಿದ್ದರೆ ಮಟ್ಟ ಗೆರೆ ದಾಟಿ ಎಲೆ ಪಟ್ಟನೆ ಮುಚ್ಚುತ್ತದೆ. ತಡವಾದರೆ ಲೆಕ್ಕ ಮತ್ತೆ ಒಂದರಿಂದ.