ಅಡ್ರೆಸ್ ಇಲ್ಲದೋರ ಆರೋಗ್ಯ: ನಿರಾಶ್ರಿತರು, ಗುಳೆ ಮಂದಿ ಮತ್ತು ನಮ್ಮ ಕಲಬುರಗಿ

ಕಲಬುರಗಿ ಅಂದಕೂಡ್ಲೇ ಎಲ್ರೂ ಗುಳೆ ಹೋಗೋರ ಬಗ್ಗೆನೇ ಮಾತಾಡ್ತಾರ. ಖರೇನೂ ಅದ, ಮಳಿ ಕೈಕೊಟ್ಟ ವರ್ಷ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿ ನೋಡಿದ್ರ ಸಾಕು, ಚಿತ್ತಾಪುರ, ಯಾದಗಿರಿ, ಶಹಾಪುರ ಕಡೆ ತಾಂಡಾದ ಮಂದಿ ಗಂಟುಮೂಟಿ ಕಟ್ಕೊಂಡು ಮುಂಬೈ ಪುಣೆ ಕಡೆ ಹೊಂಟಿರ್ತಾರ. ಆದ್ರ ಇದೇ ಸೀಮಿಗೆ ಬರೋರೂ ಇದ್ದಾರ, ಅವರ ಬಗ್ಗೆ ಮಾತು ಕಡಿಮಿ. ಸೇಡಂ, ವಾಡಿ, ಮಳಖೇಡ ಸಿಮೆಂಟ್ ಫ್ಯಾಕ್ಟರಿಗಳ ಗುತ್ತಿಗಿ ಕೆಲಸಕ್ಕ, ಊರಾಗ ಏಳ್ತಿರೋ ಅಪಾರ್ಟ್‌ಮೆಂಟಿನ ಸೆಂಟ್ರಿಂಗ್ ಟೈಲ್ಸ್ ಕೆಲಸಕ್ಕ ಬಿಹಾರ, ಒಡಿಶಾ, ಬಂಗಾಳದ ಹುಡುಗ್ರು ಬರ್ತಾರ, ಬೀದರ ಕಡೆ ಕಬ್ಬು ಕಡಿಲಿಕ್ಕ ಮಹಾರಾಷ್ಟ್ರದಿಂದ ಗ್ಯಾಂಗ್ ಬರ್ತಾವ, ಹೆಂಡ್ರು ಮಕ್ಕಳು ಸಮೇತ.

ಬರೋರು ಹೋಗೋರು ಇಬ್ಬರಿಗೂ ಆರೋಗ್ಯದ ವಿಷಯದಾಗ ತೊಂದ್ರಿ ಒಂದೇ. ಸರ್ಕಾರಿ ದವಾಖಾನಿ ಯಾರನ್ನೂ ಹೊರಗ ಹಾಕಂಗಿಲ್ಲ, ಕಲಬುರಗಿ ಸರ್ಕಾರಿ ಮೆಡಿಕಲ್ ಕಾಲೇಜಿನ ದವಾಖಾನಿ ಜಿಮ್ಸ್ ಓಪಿಡಿದಾಗ ಚೀಟಿ ಯಾವ ಊರೋರಿಗಾದ್ರೂ ಸಿಗ್ತದ. ಆದ್ರ ಜಡ್ಡು ಬರೋಕಿಂತ ಮುಂಚೆ ಸಿಗಬೇಕಾದ್ದು, ಅಂದ್ರ ಬಸುರಿ ಹೆಣ್ಮಗಳ ಹೆಸರು ಬರಕೊಳ್ಳೋದು, ತಾಯಿ ಕಾರ್ಡ್, ಕೂಸಿನ ಲಸಿಕಿ, ಅಂಗನವಾಡಿ ಊಟ, ಟಿಬಿ ಗುಳಿಗಿ ತಪ್ಪಿಸಿದ್ರ ಮನಿಗೆ ಬಂದು ಯಾಕಂತ ಕೇಳೋದು, ಇದೆಲ್ಲಾ ನಡಿಯೋದು ಮನಿ ಲೆಕ್ಕದ ಮ್ಯಾಲ. ಆಶಾ ಅಕ್ಕನ ರಿಜಿಸ್ಟರ್‌ದಾಗ ಮನಿ ಇರಬೇಕು. ತಗಡಿನ ಶೆಡ್‌ದಾಗ ನಾಲ್ಕು ತಿಂಗಳು ಇದ್ದು ಹೋಗೋ ಸಂಸಾರ ಆ ಲೆಕ್ಕದಾಗ ಬರಂಗೇ ಇಲ್ಲ. ನಾನು ಹೇಳಬೇಕಂದಿದ್ದು ಇಷ್ಟೇ: ಹೊಸದಾಗಿ ಬಂದೋರಿಗೆ ಆರೋಗ್ಯ ಸೇವೆ ಮುಟ್ಟಿದ್ದು ಯಾವಾಗ ಅಂದ್ರ, ಯಾರಾದ್ರೂ ಮನಿ ವಿಳಾಸ ಬಿಟ್ಟು ಮಂದಿ ಇರೋ ಜಾಗಕ್ಕೇ ಹೋದಾಗ. ಹಿಂದಿನ ಕಥಿ ನೋಡಿದ್ರ ಇದು ಮತ್ತ ಮತ್ತ ಕಾಣ್ತದ.

ನಮ್ಮ ಸೀಮಿಗೆ ಹೊರಗಿನಿಂದ ಬರೋದು ಹೊಸಾದಲ್ಲ. 1398ರಾಗ ತೈಮೂರ ದಿಲ್ಲಿ ಮ್ಯಾಲ ಏರಿ ಬಂದಾಗ ಊರು ಬಿಟ್ಟು ಹೊಂಟೋರೊಳಗ ಸೂಫಿ ಸಂತ ಖ್ವಾಜಾ ಬಂದೇ ನವಾಜರೂ ಒಬ್ಬರು, ಆಗಲೇ ಮುಪ್ಪಿನ ವಯಸ್ಸು, ಗ್ವಾಲಿಯರ್ ಗುಜರಾತ್ ದಾಟಿ 1400ರ ಹೊತ್ತಿಗೆ ಗುಲ್ಬರ್ಗಾಕ್ಕ ಬಂದು ಇಲ್ಲೇ ನೆಲಿಸಿದ್ರು. ಇವತ್ತು ಉರುಸಿಗೆ ಹೋಗೋ ನಾವು ಅವ್ರು ಊರು ಬಿಟ್ಟು ಬಂದೋರು ಅಂತ ನೆನಸೋದೇ ಇಲ್ಲ. ಮುಂದ ಬೀದರದಾಗ ಬಹಮನಿ ಸುಲ್ತಾನ ಎರಡನೇ ಅಲಾವುದ್ದೀನ್ ಅಹ್ಮದ್ ಒಂದು ದವಾಖಾನಿ ಕಟ್ಟಿಸಿದ, ಔಷಧ ಊಟದ ಖರ್ಚಿಗೆ ಹಳ್ಳಿಗಳ ಆದಾಯ ಬಿಟ್ಟುಕೊಟ್ಟ, ಹಿಂದೂ ಮುಸ್ಲಿಂ ಎರಡೂ ಕಡೆ ವೈದ್ಯರನ್ನ ಇಟ್ಟ ಅಂತ ಇತಿಹಾಸಕಾರ ಫರಿಷ್ತಾ ಬರದಾನ. ಪರ್ಷಿಯಾದಿಂದ ವ್ಯಾಪಾರಿಗಳು, ಸೈನಿಕರು ಬಂದು ತುಂಬಿದ್ದ ಊರದು.

1948 ಬ್ಯಾರೆ ತರಾ. ಆಗ ಈ ಸೀಮಿ ಹೈದರಾಬಾದ ನಿಜಾಮನ ರಾಜ್ಯದಾಗ ಇತ್ತು, ನಿಜಾಮನ ಪರ ಇದ್ದ ರಜಾಕಾರರ ಹಾವಳಿದಾಗ ಬೀದರ, ಕಲಬುರಗಿ ಕಡೆ ಮಂದಿ ಸೋಲಾಪುರದ ಕಡೆ ಗಡಿ ದಾಟಿ ಹೋದ್ರು, ಬೀದರ ಜಿಲ್ಲೆಯ ಗೋರ್ಟಾದ ಹತ್ಯಾಕಾಂಡ ನಡೆದಿದ್ದು ಅದೇ ವರ್ಷದ ಮೇ ತಿಂಗಳದಾಗ. ಸೆಪ್ಟೆಂಬರ್‌ದಾಗ ಪೊಲೀಸ್ ಆ್ಯಕ್ಷನ್ (ಭಾರತದ ಸೈನ್ಯ ಬಂದು ನಿಜಾಮನ ರಾಜ್ಯ ವಶಕ್ಕ ತಗೊಂಡದ್ದು) ಆದ ಮ್ಯಾಲ ಈ ಕಡೆ ಮುಸ್ಲಿಂ ಸಂಸಾರಗಳು ಸತ್ತವು, ಓಡಿಹೋದವು. ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಅತಿ ಹೆಚ್ಚು ಹಾನಿ ಆದ ನಾಲ್ಕು ಜಿಲ್ಲೆ ಅಂತ ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಅಂದ್ರ ಒಂದೇ ವರ್ಷದಾಗ ಎರಡೂ ಕಡೆ ಮಂದಿ ನಿರಾಶ್ರಿತರಾದ್ರು. ನಮ್ಮ ಹಿರೇರು ಬಹಳ ಮಂದಿ ಈ ಮಾತು ಎತ್ತೋದೇ ಇಲ್ಲ, ಮನ್ಯಾಗ ಕೇಳಿದ್ರ ಸುಮ್ಮಾಗ್ತಾರ. ಮನಸ್ಸಿನ ಪೆಟ್ಟಿಗೂ ಉಪಚಾರ ಬೇಕು ಅನ್ನೋದು ಆ ಕಾಲಕ್ಕ ಯಾರ ತಲಿಗೂ ಬಂದಿರ್ಲಿಲ್ಲ, ಅದರ ಬಗ್ಗೆ ಮುಂದ ಹೇಳ್ತೀನಿ.

ಮೂರು ವರ್ಷದ ಮ್ಯಾಲ, 1951ರಾಗ, ಜಗತ್ತಿನ ದೇಶಗಳು ಸೇರಿ ನಿರಾಶ್ರಿತರ ಒಪ್ಪಂದ ಮಾಡ್ಕೊಂಡ್ವು. ಭಾರತ ಅದಕ್ಕ ಸಹಿ ಹಾಕಿಲ್ಲ, 1967ರ ತಿದ್ದುಪಡಿ ಒಪ್ಪಂದಕ್ಕೂ ಹಾಕಿಲ್ಲ, ನಿರಾಶ್ರಿತರಿಗಂತ ಪ್ರತ್ಯೇಕ ಕಾಯ್ದೆನೂ ನಮ್ಮಲ್ಲಿ ಇಲ್ಲ. ಹಂಗಂತ ಹಕ್ಕೇ ಇಲ್ಲ ಅಂತಲ್ಲ. 1996ರಾಗ ಚಕ್ಮಾ ನಿರಾಶ್ರಿತರ ಕೇಸಿನಾಗ ಸುಪ್ರೀಂ ಕೋರ್ಟ್ ಸ್ಪಷ್ಟ ಹೇಳ್ತು, ಸಂವಿಧಾನದ 21ನೇ ವಿಧಿ ಕೊಡೋ ಜೀವದ ಹಕ್ಕು ಬರೇ ನಾಗರಿಕರಿಗಲ್ಲ, ಈ ನೆಲದ ಮ್ಯಾಲಿರೋ ಪ್ರತಿ ಮನುಷ್ಯಗೂ ಅದ ಅಂತ. ಆದ್ರ ಕಾಯ್ದೆ ಇಲ್ಲದ್ದಕ್ಕ ಯಾರಿಗೆ ಏನು ಸಿಗ್ತದ ಅನ್ನೋದು ಆಯಾ ಕಾಲದ ಸರ್ಕಾರ, ಆಯಾ ಜಿಲ್ಲೆ, ಕೆಲವು ಸಲ ಟೇಬಲ್ ಹಿಂದ ಕುಂತ ಒಬ್ಬ ಗುಮಾಸ್ತನ ಮ್ಯಾಲ ನಿಂತು ಬಿಡ್ತದ.

ನಮ್ಮ ಪಕ್ಕದ ಸಿಂಧನೂರೇ ಉದಾಹರಣೆ. ಆಗಿನ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಸಂಸಾರಗಳನ್ನ ತಂದು ಅಲ್ಲಿ ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳಾಗ ಇಟ್ರು, ಭೂಮಿ ಕೊಟ್ರು. ಇವತ್ತಿಗೂ ಅಲ್ಲಿ ಹೋದ್ರ ಬಂಗಾಳಿ ಮಾತು, ಮೀನಿನ ಸಾರು. ಅವರೊಳಗ ಕೆಲವರ ಕೈಗೆ ಪೌರತ್ವದ ಪತ್ರ ಬಂದಿದ್ದು 2024ರಾಗ ಸಿಎಎ (ಪೌರತ್ವ ತಿದ್ದುಪಡಿ ಕಾಯ್ದೆ) ಅಡಿ. ಕಾಗದ ಅನ್ನೋದು ಇಷ್ಟು ತಡ ಆಗಿ ಬರೋದಾದ್ರ, ಕಾಗದದ ಮ್ಯಾಲೇ ನಿಂತ ಸೌಲಭ್ಯಗಳ ಗತಿ ಏನು ಅಂತ ಯೋಚನೆ ಮಾಡ್ರಿ.

ಮತ್ತ 1971. ಬಾಂಗ್ಲಾ ಯುದ್ಧದಾಗ ಸುಮಾರು 1 ಕೋಟಿ ಮಂದಿ ಭಾರತಕ್ಕ ಓಡಿ ಬಂದ್ರು. ಬಂಗಾಳದ ಗಡಿಯ ಬನಗಾಂವ್ ದವಾಖಾನಿದಾಗ ಕಾಲರಾ ಪೇಷಂಟ್‌ಗಳು ನೆಲದ ಮ್ಯಾಲ ಸಾಲಾಗಿ ಮಲಗಿದ್ರು, ಸಲೈನ್ ಬಾಟಲಿ ಮುಗಿದು ಹೋದ್ವು, ಹಚ್ಚೋರೂ ಸಾಲಲಿಲ್ಲ. ಡಾ. ದಿಲೀಪ್ ಮಹಲನಬಿಸ್ ಅನ್ನೋರು ಆಗ ಒಂದು ನಿರ್ಧಾರ ಮಾಡಿದ್ರು. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡಿಗಿ ಸೋಡಾ, ಇದನ್ನ ಕಲ್ಕತ್ತಾದಾಗ ತೂಕ ಮಾಡಿ ಪ್ಲಾಸ್ಟಿಕ್ ಚೀಲದಾಗ ಹಾಕಿ ಇಸ್ತ್ರಿಪೆಟ್ಟಿಗಿಯಿಂದ ಅಂಟಿಸಿ ತಂದ್ರು, ನಳ ಇದ್ದ ಡ್ರಮ್‌ದಾಗ ಕಲಸಿಟ್ರು, ಪೇಷಂಟಿನ ಮನಿ ಮಂದಿಗೇ ಕುಡಿಸಲಿಕ್ಕ ಹೇಳಿದ್ರು. 100ಕ್ಕ 30ರಂಗ ಸಾಯ್ತಿದ್ದೋರು 100ಕ್ಕ 4ಕ್ಕಿಂತ ಕಡಿಮಿಗೆ ಇಳಿದ್ರು. ಆಗ ದೊಡ್ಡ ದೊಡ್ಡ ಡಾಕ್ಟರುಗಳೇ ಬಾಯಿಂದ ಕುಡಿಸಿ ಕಾಲರಾ ವಾಸಿ ಆಗ್ತದ ಅಂದ್ರ ನಂಬ್ತಿರಲಿಲ್ಲ. ಮುಂದ ಡಬ್ಲ್ಯುಎಚ್‌ಒ, ಯುನಿಸೆಫ್ ಇದನ್ನ ಜಗತ್ತಿಗೆಲ್ಲಾ ಹಂಚಿದ್ವು, ಅವ್ರಿಗೆ ಪದ್ಮವಿಭೂಷಣ ಬಂದಿದ್ದು ತೀರಿಹೋದ ಮ್ಯಾಲ, 2023ರಾಗ. ಇವತ್ತು ಸುರಪುರದ ಹಳ್ಳ್ಯಾಗ ಆಶಾ ಅಕ್ಕ ಚೀಲದಿಂದ ತೆಗೆದು ಕೊಡೋ ಓಆರ್‌ಎಸ್ ಪೊಟ್ಟಣದ ಹಿಂದ ಆ ಕ್ಯಾಂಪಿನ ಮಂದಿ ಇದ್ದಾರ. ನಿರಾಶ್ರಿತರಿಗೆ ಖರ್ಚು ಮಾಡಿದ್ರ ನಮಗೇನು ಬಂತು ಅನ್ನೋರಿಗೆ ನಾನು ಇದನ್ನೇ ಹೇಳ್ತೀನಿ.

ಟಿಬೆಟಿನೋರು ನಮ್ಮ ರಾಜ್ಯಕ್ಕ ಬಂದಿದ್ದು 1960ರ ಆಸುಪಾಸು, ಬೈಲಕುಪ್ಪೆ ಆಮ್ಯಾಲ ಮುಂಡಗೋಡ. ಎತ್ತರದ ಥಂಡಿ ದೇಶದಿಂದ ಕಾಡಿನ ಸೆಕಿಗೆ ಬಂದು ಬಹಳ ಮಂದಿ ಜಡ್ಡು ಬಿದ್ರು, ಮಠ ಹಾಸ್ಟೆಲ್‌ಗಳಾಗ ಒತ್ತಟ್ಟಿಗೆ ಇರೋದಕ್ಕ ಟಿಬಿ ಅವ್ರನ್ನ ದಶಕಗಟ್ಲೆ ಕಾಡ್ತು. ಅವ್ರು ಮಾಡಿದ್ದು ಏನಂದ್ರ ತಮ್ಮ ಭಾಷಾ ಮಾತಾಡೋ ಆರೋಗ್ಯ ಕಾರ್ಯಕರ್ತರನ್ನ ತಾವೇ ತಯಾರು ಮಾಡಿದ್ರು, ಕ್ಯಾಂಪಿನಾಗೇ ದವಾಖಾನಿ ಕಟ್ಟಿದ್ರು, ಕೆಮ್ಮು ಬಂದೋರು ಬರಲಿ ಅಂತ ಕಾಯದೇ ಶಾಲಿ ಮಕ್ಕಳನ್ನ ಮಠದ ಮಂದಿನ್ನ ಸಾಲಾಗಿ ನಿಲ್ಲಿಸಿ ತಪಾಸಣೆ ಮಾಡಿದ್ರು.

ದೇಶದೊಳಗೇ ಊರು ಬಿಟ್ಟು ಹೋಗೋರಿಗಂತ ಕಾಯ್ದೆ ಬಂದಿದ್ದು 1979ರಾಗ, ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ. ಒಡಿಶಾದಿಂದ ಗುತ್ತಿಗಿದಾರರು ಕರಕೊಂಡು ಹೋಗ್ತಿದ್ದ ದಾದನ್ ಕೂಲಿಗಳ ಪರಿಸ್ಥಿತಿ ನೋಡಿ ಮಾಡಿದ್ದು. ಗುತ್ತಿಗಿದಾರನೇ ಬಿಟ್ಟಿ ಔಷಧೋಪಚಾರ ಕೊಡಬೇಕು, ಇರಲಿಕ್ಕ ಜಾಗ ಕೊಡಬೇಕು ಅಂತ ಅದರಾಗ ಬರೆದಿತ್ತು. ಆದ್ರ ಮುಕಾದಮ, ಅಂದ್ರ ಕೂಲಿ ಮಂದಿನ್ನ ಕರಕೊಂಡು ಹೋಗೋ ಮೇಸ್ತ್ರಿ, ಲೈಸೆನ್ಸೇ ತಗೊಳ್ಳದೇ ಊರಾಗಿಂದ ಮಂದಿ ಲಾರಿದಾಗ ತುಂಬಿಕೊಂಡು ಹೋದ್ರ ಆ ಕಾಯ್ದೆ ಯಾರಿಗೆ ಹಚ್ಚೋದು? ಈಗ ಅದು ಹೊಸ ಲೇಬರ್ ಕೋಡ್‌ದಾಗ ಸೇರ್ಯದ, 2025ರ ನವೆಂಬರ್‌ದಿಂದ ಅದೇ ಜಾರಿ.

ಖಾಸಗಿ ಕಡೆ ಹೋದ್ರ ಏನಾಗ್ತದ ಅನ್ನೋದನ್ನೂ ನಮ್ಮ ಜಿಲ್ಲೆ ನೋಡ್ಯದ. 2015ರ ಸುಮಾರಿಗೆ ತಾಂಡಾದ ಹೆಣ್ಮಕ್ಕಳಿಗೆ, ಇನ್ನೂ ಸಣ್ಣ ವಯಸ್ಸಿನೋರಿಗೂ, ಬಿಳಿಸೆರಗು ಹೊಟ್ಟಿನೋವು ಅಂತ ಹೋದ್ರ ಕ್ಯಾನ್ಸರ್ ಹೆದರಿಕಿ ಹಾಕಿ ಗರ್ಭಕೋಶ ತೆಗೆದದ್ದು ದೊಡ್ಡ ಸುದ್ದಿ ಆಗಿತ್ತು. ಮಹಾರಾಷ್ಟ್ರದ ಬೀಡದಾಗ ಕಬ್ಬು ಕಡಿಯೋ ಹೆಣ್ಮಕ್ಕಳದ್ದೂ ಇದೇ ಕಥಿ 2019ರಾಗ ಹೊರಗ ಬಂತು, ಅಲ್ಲಂತೂ ಕೆಲಸಕ್ಕ ಒಂದು ದಿನ ತಪ್ಪಿದ್ರ ಮುಕಾದಮ ದಂಡ ಹಾಕ್ತಾನ. ಅರ್ಧ ವರ್ಷ ಊರ ಹೊರಗ ದುಡಿಯೋ ಹೆಣ್ಮಗಳಿಗೆ ಪರಿಚಯದ ಒಬ್ಬ ಸಿಸ್ಟರ್ ಇಲ್ಲ, ಕೇಳಿ ತಿಳ್ಕೊಳ್ಳೋಣಂದ್ರ ಜಾಗ ಇಲ್ಲ, ಅಂಥಾಕಿನ್ನ ಹೆದರಿಸೋದು ಬಹಳ ಸರಳ.

ಭಾಷಾದ ತೊಂದ್ರಿ ಹೆಂಗಿರ್ತದ ಅಂತ ಒಂದು ಲಸಿಕಿ ದಿನ ಹತ್ತರದಿಂದ ನೋಡೀನಿ. ಕಟ್ಟಡದ ಕೆಲಸಕ್ಕ ಬಂದ ಒಡಿಶಾದ ಹೆಣ್ಮಗಳು, ಕಂಕುಳಾಗ ಕೂಸು, ಪ್ಲಾಸ್ಟಿಕ್ ಚೀಲದಾಗ ಜೋಪಾನ ಮಾಡಿ ತಂದಿದ್ದ ಕಾರ್ಡ್ ಮುಂದ ಇಟ್ಲು. ಕಾರ್ಡ್ ಪೂರ್ತಿ ಒಡಿಯಾ. ಸಿಸ್ಟರ್ ಅದನ್ನ ತಿರುವಿ ತಿರುವಿ ನೋಡಿದ್ರು, ಪೆನ್ನಿನಾಗ ಬರೆದಿದ್ದ ತಾರೀಖು ಇಂಗ್ಲಿಷ್ ಅಂಕಿದಾಗ ಇದ್ವು, ಅವನ್ನೇ ಹಿಡ್ಕೊಂಡು ಬೆರಳು ಎಣಿಸಿ ಆರು ವಾರ, ಹತ್ತು ವಾರದ ಪೆಂಟಾ (ಐದು ರೋಗಕ್ಕ ಒಂದೇ ಲಸಿಕಿ) ಆಗ್ಯದ, ಹದಿನಾಲ್ಕು ವಾರದ್ದು ತಪ್ಪ್ಯದ ಅಂತ ಲೆಕ್ಕ ಹಾಕಿ ಸೂಜಿ ಹಾಕಿದ್ರು. ಮುಂದ ಯಾವಾಗ ಬರಬೇಕು ಅಂತ ತಿಳಿಸಲಿಕ್ಕ ಆಗಲಿಲ್ಲ, ಕಡಿಗೆ ಆಕಿ ಹಿರಿ ಮಗ, ಒಂಬತ್ತು ಹತ್ತು ವರ್ಷದ ಹುಡುಗ, ಇಲ್ಲಿ ಶಾಲಿಗೆ ಹೋಗಿ ಕನ್ನಡ ಕಲ್ತಿದ್ದ, ಅವನೇ ಹೇಳಿದ. ಅಲ್ಲೀತನಕ ಸರಿ. ಆಮ್ಯಾಲ ಆಕಿ ತನಗ ರಕ್ತ ಹೋಗ್ತದ ಅನ್ನೋದನ್ನ ಅದೇ ಹುಡುಗನ ಬಾಯಿಲೆ ಹೇಳಿಸಬೇಕಾಯ್ತು, ಹೇಳೋಕಿಂತ ಮುಂಚೆ ಸುಮಾರು ಹೊತ್ತು ಸೆರಗು ತಿರುವ್ಕೋತ ನಿಂತಿದ್ಲು. ನಿರಾಶ್ರಿತರನ್ನ ಬಹಳ ವರ್ಷದಿಂದ ನೋಡ್ಕೊಂಡು ಬಂದ ದೇಶಗಳಾಗ ಮಕ್ಕಳನ್ನ ದುಭಾಷಿ ಮಾಡಬ್ಯಾಡ್ರಿ ಅಂತ ಡಾಕ್ಟರುಗಳಿಗೆ ಹೇಳೋದು ಇದಕ್ಕೇ, ಅಲ್ಲಿ ಫೋನ್ ಮ್ಯಾಲ ಭಾಷಾ ಬಲ್ಲೋರನ್ನ ಕೂಡಿಸ್ತಾರ. ನಮಗ ಅದು ಆಗದ ಕೆಲಸ ಏನಲ್ಲ, ಒಡಿಯಾ, ಬಂಗಾಳಿ, ಭೋಜ್‌ಪುರಿ ಬರೋರು ಇದೇ ಊರಾಗ ಸೈಟ್ ಸೈಟಿಗೂ ಇದ್ದಾರ.

ಹೊರ ದೇಶದಾಗೂ ಎಲ್ಲಾ ನೇರ ನಡೆದಿಲ್ಲ. ಕೆನಡಾ 1957ರಿಂದ ನಿರಾಶ್ರಿತರಿಗೆ ಹಂಗಾಮಿ ಆರೋಗ್ಯ ಯೋಜನೆ ನಡಿಸ್ಕೊಂಡು ಬಂದಿತ್ತು, 2012ರಾಗ ಖರ್ಚು ಅಂತ ಕತ್ತರಿಸ್ತು, ಡಾಕ್ಟರುಗಳೇ ಬಿಳಿ ಕೋಟ್ ಹಾಕ್ಕೊಂಡು ರಸ್ತೆಗೆ ಇಳಿದ್ರು, 2014ರಾಗ ಕೋರ್ಟ್ ಇದು ಕ್ರೂರ ಅಂತು, 2016ರಾಗ ಪೂರ್ತಿ ವಾಪಸ್ ಕೊಟ್ರು. ಥೈಲ್ಯಾಂಡ್ ಬರ್ಮಾದಿಂದ ಬಂದ ಕೂಲಿಗಳಿಗೆ ವಿಮೆ ಕಾರ್ಡ್ ಮಾಡಿ, ಅವರೊಳಗಿನೋರನ್ನೇ ಆರೋಗ್ಯ ಸ್ವಯಂಸೇವಕರಾಗಿ ಇಟ್ಕೊಂಡ್ತು. ಅಷ್ಟು ದೂರ ಯಾಕ, ಕೇರಳ 2017ರಾಗ ಹೊರ ರಾಜ್ಯದ ಕೆಲಸಗಾರರಿಗಂತನೇ ಆವಾಜ್ ಅನ್ನೋ ವಿಮೆ ತಂತು.

ನಮ್ಮ ಕಣ್ಣು ತೆರೆಸಿದ್ದು 2020. ದೇಶದ ಮೊದಲ ಕೋವಿಡ್ ಸಾವು ಆಗಿದ್ದೇ ಕಲಬುರಗಿದಾಗ, ಮಾರ್ಚ್‌ದಾಗ. ಮೇ ತಿಂಗಳದಾಗ ಶ್ರಮಿಕ್ ರೈಲು, ಲಾರಿ, ಟೆಂಪೋ ಹಿಡ್ಕೊಂಡು ಮುಂಬೈದಿಂದ ನಮ್ಮೋರೇ ವಾಪಸ್ ಬಂದಾಗ ಶಾಲಿ ಹಾಸ್ಟೆಲ್‌ಗಳೆಲ್ಲಾ ಕ್ವಾರಂಟೈನ್ ಆದ್ವು, ಯಾದಗಿರಿ ಜಿಲ್ಲೆದಾಗ ಬಂದ ಕೇಸುಗಳೊಳಗ ಬಹುಪಾಲು ಮಹಾರಾಷ್ಟ್ರದಿಂದ ಬಂದೋರದ್ದು. ಸ್ವಂತ ಊರಿನೋರೇ ಅವ್ರನ್ನ ದೂರ ಇಟ್ರು, ಕೆಲವು ಕಡೆ ಊರೊಳಗ ಬಿಡಲಿಲ್ಲ. ಹುಟ್ಟಿದೂರಾಗೇ ಹೊರಗಿನೋರಾಗೋದು ಹೆಂಗಿರ್ತದ ಅಂತ ನಮ್ಮ ತಾಂಡಾದ ಮಂದಿಗೆ ಆವಾಗ ಗೊತ್ತಾಯ್ತು. ಯಾವ ತಾಲ್ಲೂಕಿಂದ ಎಷ್ಟು ಮಂದಿ ಹೊರಗ ಹೋಗ್ಯಾರ ಅನ್ನೋ ಪಟ್ಟಿ ಯಾವ ಕಚೇರಿದಾಗೂ ಪೂರ್ತಿ ಇರಲಿಲ್ಲ. 2021ರ ಜೂನ್‌ದಾಗ ಸುಪ್ರೀಂ ಕೋರ್ಟ್ ಆದೇಶ ಕೊಟ್ಟ ಮ್ಯಾಲ ಒಂದು ದೇಶ ಒಂದು ರೇಷನ್ ಕಾರ್ಡ್ ಎಲ್ಲಾ ಕಡೆ ಮುಟ್ತು, ಆಗಸ್ಟ್‌ದಾಗ ಅಸಂಘಟಿತ ಕೂಲಿಗಳ ಹೆಸರು ಬರಕೊಳ್ಳೋ ಇ-ಶ್ರಮ್ ಬಂತು. ರೇಷನ್ ಮನುಷ್ಯನ ಬೆನ್ನಿಗೆ ಬಂತು, ಆದ್ರ ಅಂಗನವಾಡಿ, ತಾಯಿ ಕಾರ್ಡ್, ಆಶಾ ಭೇಟಿ ಇನ್ನೂ ಮನಿ ಲೆಕ್ಕಕ್ಕೇ ಕಟ್ಟಿ ಬಿದ್ದಾವ.

ಟಿಬಿ ವಿಷಯದಾಗ ಮಾತ್ರ ಕೆಲಸ ಚಲೋ ಆಗ್ಯದ ಅನ್ನಬೇಕು. ಟಿಬಿ ಪೇಷಂಟಿಗೆ ಸರ್ಕಾರ ಕೊಡೋ ನಿಕ್ಷಯ್ ನಂಬರ್ ಒಂದು ಇದ್ರ ಆಳಂದದಾಗ ಚಾಲೂ ಮಾಡಿದ ಗುಳಿಗಿ ಪುಣೆದಾಗ ಮುಂದುವರಿಸಬಹುದು, ತಿಂಗಳಿಗೆ 500 ಇದ್ದ ಪೌಷ್ಟಿಕ ಆಹಾರದ ಹಣ 2024ರ ನವೆಂಬರ್‌ದಿಂದ 1,000 ಆಗ್ಯದ. ಗುಳೆ ಹೋಗೋಕಿಂತ ಮುಂಚೆ ಆ ನಂಬರ್ ಬರಕೊಂಡು ಹೋಗ್ರಿ ಅಂತ ಹೇಳೋರು ಬೇಕು ಅಷ್ಟೇ. ಮನಸ್ಸಿನ ಕಷ್ಟಕ್ಕ 2022ರ ಅಕ್ಟೋಬರ್‌ದಿಂದ ಟೆಲಿ ಮಾನಸ್ ಅದ, 14416ಕ್ಕ ಬಿಟ್ಟಿ ಫೋನ್, ಹಿಂದಿ ಬಂಗಾಳಿ ಒಡಿಯಾ ಎಲ್ಲದರಾಗೂ ಮಾತಾಡ್ತಾರ. ಇದು ಸೈಟಿನ ಶೆಡ್‌ದಾಗ ಇರೋ ಹುಡುಗ್ರಿಗೆ ಗೊತ್ತೇ ಇಲ್ಲ. ಊರು, ಮನಿ, ಊಟ, ಮಾತು ಎಲ್ಲಾ ಒಮ್ಮೆಲೆ ಬಿಟ್ಟು ಬಂದೋರಿಗೆ ನಿದ್ದಿ ಬರಂಗಿಲ್ಲ, ಎದಿ ಡವಡವ ಅಂತದ, ಅದಕ್ಕ ಅವ್ರು ಮೆಡಿಕಲ್ ಅಂಗಡಿದಾಗ ಗುಳಿಗಿ ತಗೊಂಡು ನುಂಗ್ತಾರ ಇಲ್ಲಾ ಕುಡಿತಾರ.

ಕಬ್ಬಿನ ಹಂಗಾಮು ದಸರಾ ದೀಪಾವಳಿ ಹೊತ್ತಿಗೆ ಶುರು ಆಗ್ತದ. ಅಷ್ಟರೊಳಗ ಬೀದರ, ಆಳಂದ, ಅಫಜಲಪುರದ ಫ್ಯಾಕ್ಟರಿಗಳು ಎಷ್ಟು ಗ್ಯಾಂಗ್ ಬರ್ತಾವ, ಎಲ್ಲಿ ಇಳೀತಾವ ಅಂತ ತಾಲ್ಲೂಕು ಆರೋಗ್ಯ ಅಧಿಕಾರಿಗೆ ಪಟ್ಟಿ ಕೊಡೋದು ಕಷ್ಟದ ಮಾತಲ್ಲ, ಮುಕಾದಮರಿಗೆ ಅಡ್ವಾನ್ಸ್ ಕೊಟ್ಟ ಲೆಕ್ಕ ಅವ್ರ ಹತ್ರ ಇದ್ದೇ ಇರ್ತದ. ಆ ಪಟ್ಟಿ ಹಿಡ್ಕೊಂಡು ಆಶಾ ಅಕ್ಕನ ರಿಜಿಸ್ಟರ್‌ದಾಗ ಜೋಪಡಿಗಳನ್ನೂ ಬರಕೊಳ್ಳಲಿ, ಅದಕ್ಕ ಆಕಿಗೆ ಹೆಚ್ಚಿನ ದುಡ್ಡೂ ಕೊಡಲಿ, ಈಗಿರೋ ಕೆಲಸಕ್ಕೇ ಆಕಿಗೆ ಬರೋದು ಕಡಿಮಿ. ವಾರಕ್ಕ ಒಂದು ಸಂಜಿ, ಕೂಲಿ ಬಿಟ್ಟ ಮ್ಯಾಲ, ಸಂಚಾರಿ ವಾಹನ ಗದ್ದಿ ಹತ್ರ, ಸೈಟ್ ಹತ್ರ ನಿಲ್ಲಲಿ. ಊರಾಗಿನ ಕಟ್ಟಡ ಕೆಲಸದೋರ ಮಟ್ಟಿಗೆ ರೊಕ್ಕಕ್ಕ ಕೊರತಿ ಅನ್ನಂಗಿಲ್ಲ, 1996ರ ಕಾಯ್ದೆಯಿಂದ ಶುರುವಾಗಿ ಈಗ ಹೊಸ ಲೇಬರ್ ಕೋಡ್ ಅಡಿ ಕಟ್ಟಡದ ಖರ್ಚಿನ ಮ್ಯಾಲ ವಸೂಲಿ ಮಾಡೋ ಸೆಸ್ ಇರೋದೇ ಆ ಕೆಲಸಗಾರರ ಸಲುವಾಗಿ.