1,537 ಮಕ್ಕಳ ಲೆಕ್ಕ ಮತ್ತು ಮುಚ್ಚಿದ ಕಿಟಕಿ

"ಈ ಜನಕ್ಕೆ ಟಿಬಿ ಜಾಸ್ತಿನೇ ಸಾರ್, ಅವರ ಮೈಯೇ ಹಾಗೆ."

ನಾನು ಎದೆರೋಗದ ಡಾಕ್ಟರು. ಕಾಡಂಚಿನ ಆದಿವಾಸಿ ಹಾಡಿಗಳಿಗೆ ಕ್ಯಾಂಪ್ ಅಂತ ಹೋದಾಗಲೆಲ್ಲ ಯಾರಾದರೊಬ್ಬರು ಈ ಮಾತು ಹೇಳಿಯೇ ಹೇಳುತ್ತಾರೆ. ಹೇಳುವವರೇನು ಕೆಟ್ಟವರಲ್ಲ. ಶುರುವಿನಲ್ಲಿ ನಾನೂ ಸುಮ್ನೆ ತಲೆಯಾಡಿಸುತ್ತಿದ್ದೆ. ಆಮೇಲೆ ಕೆನಡಾದ ಒಬ್ಬ ಹಳೇ ಡಾಕ್ಟರ ವರದಿ ಓದಿದೆ. ತಲೆಯಾಡಿಸುವುದು ನಿಂತಿತು.

ಅವರ ಹೆಸರು ಪೀಟರ್ ಬ್ರೈಸ್. 1904ರಲ್ಲಿ ಅಲ್ಲಿನ ಮೂಲನಿವಾಸಿಗಳ ಇಲಾಖೆಗೆ ಮುಖ್ಯ ವೈದ್ಯಾಧಿಕಾರಿಯಾಗಿ ಬಂದರು. ಆಗ ಕೆನಡಾದಲ್ಲಿ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಕರೆದೊಯ್ದು ವಸತಿ ಶಾಲೆಗಳಲ್ಲಿ ಇಡುತ್ತಿದ್ದರು. ದುಡ್ಡು ಸರ್ಕಾರದ್ದು, ನಡೆಸುವುದು ಚರ್ಚುಗಳು. ಕೂದಲು ಕತ್ತರಿಸುವುದು, ಹೆಸರು ಬದಲಿಸುವುದು, ತಾಯಿನುಡಿ ಆಡಿದರೆ ಶಿಕ್ಷೆ. ಅಪ್ಪ ಅಮ್ಮನ ಕಸುಬು, ಕಥೆ, ದೇವರು ಯಾವುದೂ ತಲೆಯಲ್ಲಿ ಉಳಿಯಬಾರದು ಅನ್ನುವುದೇ ಅಲ್ಲಿನ ಪಾಠ. ಆ ಪದ್ಧತಿ 1990ರ ದಶಕದವರೆಗೂ ನಡೆಯಿತು, ಸುಮಾರು 1,50,000 ಮಕ್ಕಳು ಹಾಗೆ ಹೋದರು.

1907ರಲ್ಲಿ ಬ್ರೈಸ್ ಮ್ಯಾನಿಟೋಬಾ ಮತ್ತು ಅದರ ಪಶ್ಚಿಮಕ್ಕಿರುವ ಬಯಲು ಪ್ರದೇಶದ 35 ಶಾಲೆ ನೋಡಿದರು. ಅವರು ಕೇಳಿದ ಪ್ರಶ್ನೆ ನೋಡಿ, ಎಷ್ಟು ಸಾದಾ: ಶಾಲೆ ಶುರುವಾದಾಗಿನಿಂದ ಸೇರಿದ ಮಕ್ಕಳು ಈಗ ಎಲ್ಲಿದ್ದಾರೆ, ಹೇಗಿದ್ದಾರೆ? ಅಲ್ಲಿಯವರೆಗೆ ಶಾಲೆಗಳು ಕೊಡುತ್ತಿದ್ದುದು ಇವತ್ತು ಹಾಜರಿ ಎಷ್ಟು ಅನ್ನುವ ಲೆಕ್ಕ ಮಾತ್ರ. ಸಾಯುವ ಹಂತದ ಮಗುವನ್ನು ಮನೆಗೆ ಕಳಿಸಿಬಿಟ್ಟರೆ ಆ ಸಾವು ಶಾಲೆಯ ಪುಸ್ತಕಕ್ಕೆ ಬರುವುದೇ ಇಲ್ಲ, ಅಲ್ವಾ? ಬ್ರೈಸ್ ಆ ಬಾಗಿಲು ಮುಚ್ಚಿದರು. ಎಲ್ಲ ಶಾಲೆಗಳೂ ಉತ್ತರ ಕೊಡಲಿಲ್ಲ. ಕೊಟ್ಟವರ ಲೆಕ್ಕದಲ್ಲಿ 1,537 ಮಕ್ಕಳು. ಅವರಲ್ಲಿ ಹತ್ತಿರಹತ್ತಿರ ಶೇ. 25ರಷ್ಟು ಸತ್ತುಹೋಗಿದ್ದರು. ಪುಸ್ತಕ ಸರಿಯಾಗಿ ಇಟ್ಟಿದ್ದ ಒಂದು ಶಾಲೆಯಲ್ಲಿ ಬಿಟ್ಟುಹೋದ ಮಕ್ಕಳಲ್ಲಿ ಶೇ. 69 ಮಂದಿ ಇರಲೇ ಇಲ್ಲ. ಕಾರಣ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ, ಕ್ಷಯ.

ಈಗ ನನ್ನ ಕಸುಬಿನ ಮಾತು. ಟಿಬಿ ತಟ್ಟೆ ಲೋಟದಿಂದ ಬರುವುದಿಲ್ಲ, ಮುಟ್ಟಿದರೂ ಬರುವುದಿಲ್ಲ. ಕೆಮ್ಮಿದಾಗ ಹೊರಬರುವ ಕಣ್ಣಿಗೆ ಕಾಣದ ಹನಿಗಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತವೆ, ಅದೇ ಗಾಳಿ ಉಸಿರಾಡಿದವರಿಗೆ ಅಂಟುತ್ತದೆ. ಕಿಟಕಿ ತೆರೆದರೆ ಹೊರಗೆ ಹೋಗುತ್ತವೆ, ಅಷ್ಟೇ. ಇನ್ನೊಂದು ವಿಷಯ, ಅಂಟಿದವರಿಗೆಲ್ಲ ಕಾಯಿಲೆ ಆಗುವುದಿಲ್ಲ. ಚೆನ್ನಾಗಿ ಉಂಡು ಗಟ್ಟಿಯಾಗಿರುವ 100 ಮಂದಿಗೆ ಅಂಟಿದರೆ ಜೀವಮಾನದಲ್ಲಿ 5ರಿಂದ 10 ಮಂದಿಗೆ ಕಾಯಿಲೆ ಏಳಬಹುದು, ಉಳಿದವರಲ್ಲಿ ಮೈಯೇ ಅದನ್ನು ಮಲಗಿಸಿಡುತ್ತದೆ. ಹೊಟ್ಟೆಗೆ ಸಾಲದೆ ಹೋದರೆ ಆ ಲೆಕ್ಕ ಕೆಡುತ್ತದೆ.

ಆ ಶಾಲೆಗಳಲ್ಲಿ ಎರಡೂ ಇತ್ತು. ಚಳಿಗಾಲ ಪೂರ್ತಿ ಕಿಟಕಿಗೆ ಜೋಡಿ ಬಾಗಿಲು ಬಿಗಿದು ಮುಚ್ಚುತ್ತಿದ್ದರು, ಯಾಕೆಂದರೆ ಸೌದೆ ಕಲ್ಲಿದ್ದಲು ಉಳಿಯಬೇಕು. ಸಾಲುಸಾಲು ಮಂಚ, ಉದ್ದದ ರಾತ್ರಿ, ಒಂದೇ ಗಾಳಿ. ಇದರ ಹಿಂದೆ ಒಂದು ಹಣಕಾಸಿನ ಲೆಕ್ಕ ಬೇರೆ. 1892ರಿಂದ ಸರ್ಕಾರ ತಲೆಗಿಷ್ಟು ಅಂತ ಅನುದಾನ ಕೊಡುತ್ತಿತ್ತು. ತಲೆ ಕಡಿಮೆಯಾದರೆ ದುಡ್ಡು ಕಡಿಮೆ. ಹಾಗಾಗಿ ಕೆಮ್ಮುವ ಮಗುವನ್ನೂ ಸೇರಿಸಿಕೊಳ್ಳುತ್ತಿದ್ದರು. ಒಬ್ಬ ರೋಗಿ ಬಂದರೆ ಶಾಲೆಗೆ ಲಾಭ, ಪಕ್ಕದ ಮಂಚದ ಮಗುವಿಗೆ ಸಾವು. ಇದರಲ್ಲಿ ಯಾರ ಮೈಯ ದೋಷ ಇದೆ, ಹೇಳಿ?

1909ರಲ್ಲಿ ಬ್ರೈಸ್ ಮತ್ತೊಬ್ಬ ಡಾಕ್ಟರ ಜೊತೆ ಆಲ್ಬರ್ಟಾದ ಶಾಲೆಗಳಲ್ಲಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿದರು. ಎಲ್ಲ ಕಡೆ ಕ್ಷಯ. ಶಾಲೆಗಳನ್ನು ಸರ್ಕಾರವೇ ವಹಿಸಿಕೊಳ್ಳಬೇಕು, ಆಸ್ಪತ್ರೆಯ ಶಿಸ್ತು ಬರಬೇಕು ಅಂತ ಬರೆದರು. ತಮಾಷೆ ಏನೆಂದರೆ ಇದಕ್ಕೂ ಮುಂಚಿನ 1907ರ ವರದಿಯಲ್ಲಿ ಅಂಕಿಗಳು ಅಚ್ಚಾದವು, ಶಿಫಾರಸುಗಳು ಅಚ್ಚಾಗಲಿಲ್ಲ! ಪತ್ರಿಕೆಗಳಲ್ಲಿ ಸುದ್ದಿ ಬಂತು, ನಾಲ್ಕು ದಿನ ಗದ್ದಲ ಆಯಿತು, ತಣ್ಣಗಾಯಿತು. 1913ರಲ್ಲಿ ಇಲಾಖೆಯ ಮುಖ್ಯಸ್ಥರಾದವರು ಡಂಕನ್ ಕ್ಯಾಂಪ್‌ಬೆಲ್ ಸ್ಕಾಟ್. ಅವರು ಕೆನಡಾದ ಹೆಸರಾಂತ ಕವಿ, ಮೂಲನಿವಾಸಿಗಳು ಮರೆಯಾಗಿಹೋಗುತ್ತಿದ್ದಾರೆ ಅಂತ ಮರುಕದ ಕವಿತೆ ಬರೆದವರು. ಬ್ರೈಸ್ ಕಳಿಸುತ್ತಿದ್ದ ವರದಿಗಳು ಇನ್ನು ಬೇಡ ಅಂದವರೂ ಅವರೇ. 1920ರಲ್ಲಿ 7ರಿಂದ 15 ವರ್ಷದ ಮಕ್ಕಳಿಗೆ ಶಾಲೆ ಕಡ್ಡಾಯ ಮಾಡಿಸಿದವರೂ ಅವರೇ. ಕವಿತೆಯಲ್ಲಿ ಅಳುವುದು, ಕಚೇರಿಯಲ್ಲಿ ಸಹಿ ಹಾಕುವುದು ಎರಡೂ ಒಂದೇ ಕೈ.

1921ರಲ್ಲಿ ಬ್ರೈಸ್ ಅವರನ್ನು ಒತ್ತಾಯದಿಂದ ನಿವೃತ್ತಿ ಮಾಡಿಸಿದರು. ಮರುವರ್ಷ ಅವರು ಎಲ್ಲವನ್ನೂ ಬರೆದು ಒಂದು ಸಣ್ಣ ಪುಸ್ತಕ ಮಾಡಿ ಹೊರತಂದರು. ಅದರಲ್ಲಿ ಒಂದು ಹೋಲಿಕೆ ಇದೆ. ಒಂದು ಲಕ್ಷದ ಆಸುಪಾಸಿನಲ್ಲಿದ್ದ ಮೂಲನಿವಾಸಿಗಳ ಕ್ಷಯಕ್ಕೆ ಸರ್ಕಾರ ಎತ್ತಿಟ್ಟ ಹಣ ನೋಡಿದರೆ, ಹೆಚ್ಚುಕಡಿಮೆ ಅಷ್ಟೇ ಜನ ಇದ್ದ ಒಟ್ಟಾವಾ ನಗರ ತನ್ನ ಕ್ಷಯರೋಗಿಗಳಿಗೆ ಅದರ ಮೂರು ಪಟ್ಟು ಖರ್ಚು ಮಾಡುತ್ತಿತ್ತು. ಬಜೆಟ್ ಓದುವ ಡಾಕ್ಟರು ಅಂದರೆ ಹೀಗಿರಬೇಕು ಅನ್ನಿಸಿತು ನನಗೆ.

ಊಟದ ಕಥೆ ಇನ್ನೂ ಕೆಟ್ಟದ್ದು. 1948ರಿಂದ 1952ರವರೆಗೆ ಆರು ವಸತಿ ಶಾಲೆಗಳ ಸುಮಾರು 1,000 ಮಕ್ಕಳ ಮೇಲೆ ಪೌಷ್ಟಿಕಾಂಶದ ಪ್ರಯೋಗ ನಡೆಯಿತು. ಮಕ್ಕಳು ಅರೆಹೊಟ್ಟೆಯಲ್ಲಿದ್ದಾರೆ ಅಂತ ಪ್ರಯೋಗ ಮಾಡಿದವರಿಗೆ ಗೊತ್ತಿತ್ತು. ಒಂದು ಶಾಲೆಯಲ್ಲಿ ಹಾಲು ಬೇಕಾದ ಅಳತೆಯ ಅರ್ಧಕ್ಕಿಂತ ಕಡಿಮೆ ಇತ್ತು, ಹೋಲಿಸಲು ಆಧಾರ ಸಿಗಲಿ ಅಂತ ಎರಡು ವರ್ಷ ಹಾಗೇ ಬಿಟ್ಟರು. ಒಸಡು ನೋಡಿ ಪೋಷಣೆ ಅಳೆಯಬೇಕು ಅಂತ ಹಲ್ಲಿನ ಚಿಕಿತ್ಸೆಗಳನ್ನೂ ತಡೆದರು. ಮಕ್ಕಳನ್ನಾಗಲಿ ಹೆತ್ತವರನ್ನಾಗಲಿ ಯಾರೂ ಒಪ್ಪಿಗೆ ಕೇಳಲಿಲ್ಲ. ಇತಿಹಾಸಕಾರ ಇಯಾನ್ ಮಾಸ್ಬಿ 2013ರಲ್ಲಿ ಬರೆದ ಮೇಲೆಯೇ ಇದು ಎಲ್ಲರಿಗೂ ತಿಳಿದದ್ದು.

ಅದನ್ನು ಓದುವಾಗ ನಮ್ಮ ಮಂಗಳೂರಿನ ನೆನಪಾಗದೆ ಇರುವುದಿಲ್ಲ. ಅಲ್ಲಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು, ಆದಿವಾಸಿಗಳು ಜಾಸ್ತಿ ಇರುವ ಜಾರ್ಖಂಡ್‌ನಲ್ಲಿ ಟಿಬಿ ರೋಗಿಗಳ ಮನೆಯವರಿಗೆ ತಿಂಗಳಿಗೆ ತಲಾ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೊತೆಗೆ ವಿಟಮಿನ್ ಮಾತ್ರೆ ಕೊಟ್ಟು ನೋಡಿದರು. 2023ರಲ್ಲಿ ಫಲಿತಾಂಶ ಬಂತು. ಮನೆಯವರಲ್ಲಿ ಹೊಸದಾಗಿ ಟಿಬಿ ಆಗುವುದು ಶೇ. 39ರಷ್ಟು ಇಳಿದಿತ್ತು, ಇನ್ನೊಬ್ಬರಿಗೆ ಹರಡುವಂಥ ಟಿಬಿ ಶೇ. 48ರಷ್ಟು. ಅಕ್ಕಿ ಬೇಳೆಗೆ ಮಣಿಯುವ ಕಾಯಿಲೆ "ಮೈಯೇ ಹಾಗೆ" ಅನ್ನುವ ಕಾಯಿಲೆ ಹೇಗಾಗುತ್ತದೆ?

ಹಾಗಂತ ನಾನೇನು ಬ್ರೈಸ್ ಅಲ್ಲ. ಕೆಲವು ವರ್ಷಗಳ ಹಿಂದೆ ಹಾಡಿಯ ಮಕ್ಕಳಿರುವ ಒಂದು ಹಾಸ್ಟೆಲ್‌ಗೆ ಹೋಗಿದ್ದೆ. ಕೆಮ್ಮುತ್ತಿದ್ದ ಹುಡುಗನ ಕಫ ಪರೀಕ್ಷೆಗೆ ಕಳಿಸಿ, ಎಕ್ಸ್‌ರೇಗೆ ಬರೆದುಕೊಟ್ಟು ಬಂದುಬಿಟ್ಟೆ. ಅವನು ಎಲ್ಲಿ ಮಲಗುತ್ತಾನೆ ಅಂತ ನೋಡಲಿಲ್ಲ. ಅವನಿಗೆ ಟಿಬಿ ಅಂತ ಗೊತ್ತಾಗಿ ಆರು ವಾರದ ಮೇಲೆ ಅದೇ ಕೋಣೆಯಿಂದ ಇನ್ನೊಬ್ಬ ಹುಡುಗ ಕೆಮ್ಮುತ್ತಾ ಬಂದಾಗ ಮತ್ತೆ ಹೋದೆ. ಕಿಟಕಿಗಳಿಗೆಲ್ಲ ಗೊಬ್ಬರದ ಚೀಲ ಹರಿದು ಮೊಳೆ ಹೊಡೆದಿದ್ದರು. "ಸೊಳ್ಳೆ ಸಾರ್, ರಾತ್ರಿ ಚಳಿನೂ ಜಾಸ್ತಿ" ಅಂದರು ಅಡುಗೆಯವರು. ಅವರು ಹೇಳಿದ್ದೂ ಸುಳ್ಳಲ್ಲ. ಇಬ್ಬರು ಹುಡುಗರೂ ಔಷಧಿ ಮುಗಿಸಿ ಹುಷಾರಾದರು. ಚೀಲ ತೆಗೆಸಿ ಸೊಳ್ಳೆ ಜಾಲರಿ ಹಾಕಿಸುವುದಕ್ಕೆ ಮಾತ್ರ ಎಂಟು ತಿಂಗಳು ಹಿಡಿಯಿತು. ಜಾಲರಿ ಸಿವಿಲ್ ಕೆಲಸವಂತೆ, ಆರೋಗ್ಯದ ಖರ್ಚಿಗೆ ಬರುವುದಿಲ್ಲವಂತೆ.