ಮೋಟರ್ ಬದಲಿಸಿದ ಮೇಲೆ ರಿಮೋಟ್ ಬೋಟಿನ ಶಾಫ್ಟ್ ಯಾಕೆ ತುಂಡಾಗುತ್ತದೆ?

ಪ್ರಶ್ನೆ: ಸರ್ರ, ನಂದೊಂದು ರಿಮೋಟ್ ಬೋಟ್ ಐತಿ, ಉಣಕಲ್ ಕೆರಿಯಾಗ ಓಡಸ್ತೀನಿ. ಮೊದಲ ಬ್ರಶ್ ಮೋಟರ್ ಇತ್ತು. ಈಗ 2000 ಕೆವಿ (ಒಂದ ವೋಲ್ಟಿಗೆ ನಿಮಿಷಕ್ಕ 2000 ಸುತ್ತಿಂದು) ಬ್ರಶ್‌ಲೆಸ್ ಹಾಕೀನಿ, ಬ್ಯಾಟರೀನೂ 3ಎಸ್‌ದಿಂದ (ಮೂರ ಸೆಲ್) 4ಎಸ್‌ಗೆ (ನಾಕ ಸೆಲ್) ಏರಿಸೀನಿ. ಓಟ ಜೋರೈತಿ, ಆದ್ರ ಫ್ಲೆಕ್ಸ್ ಶಾಫ್ಟ್ ಎರಡ ಸಲ ತುಂಡಾತು. ಮೋಟರ್ ಅಂತೂ ಮುಟ್ಟಾಕ ಆಗಂಗಿಲ್ಲ, ಅಷ್ಟ ಕಾಯ್ತೈತಿ. ದಪ್ಪನ ಶಾಫ್ಟ್ ಹಾಕ್ಲೋ, ಇನ್ನೂ ದೊಡ್ಡ ಮೋಟರ್ ತರ್ಲೋ?
(ಹುಬ್ಬಳ್ಳಿಯ ಓದುಗರೊಬ್ಬರು)

ಉತ್ತರ: ಸದ್ಯಕ್ಕೆ ಎರಡೂ ಬೇಡ. ಜೇಬಿಗೆ ಕೈ ಹಾಕುವ ಮುನ್ನ ಒಂದು ವಿಷಯ ನೋಡಿ. ಹೊಸ ಮೋಟರ್ ಯಾವ ದಿಕ್ಕಿಗೆ ತಿರುಗುತ್ತಿದೆ?

ಮೋಟರಿನ ತಿರುಗುವಿಕೆಯನ್ನು ಪ್ರೊಪೆಲ್ಲರಿಗೆ ಮುಟ್ಟಿಸುವ ಈ ಫ್ಲೆಕ್ಸ್ ಶಾಫ್ಟ್ ಗಟ್ಟಿ ಸರಳಲ್ಲ. ಸಣ್ಣ ಉಕ್ಕಿನ ತಂತಿಗಳನ್ನು ಒಂದು ಪದರ ಎಡಕ್ಕೆ, ಮೇಲಿನದು ಬಲಕ್ಕೆ ಎಂದು ಸುತ್ತುತ್ತ ಮಾಡಿದ್ದು. ಹಳೇ ಬೈಕಿನ ಸ್ಪೀಡೋಮೀಟರ್ ಕೇಬಲ್ ಬಿಚ್ಚಿದವರಿಗೆ ಇದರ ಪರಿಚಯ ಇದ್ದೇ ಇರುತ್ತದೆ. ಹೊರಗಿನ ಪದರ ಬಿಗಿಯಾಗುವ ದಿಕ್ಕಿಗೆ ತಿರುಗಿದರೆ ಹಗ್ಗಕ್ಕೆ ಹುರಿ ಏರಿಸಿದಂತೆ ಶಾಫ್ಟ್ ಗಟ್ಟಿಯಾಗುತ್ತದೆ. ಉಲ್ಟಾ ತಿರುಗಿದರೆ ಹುರಿ ಬಿಚ್ಚಿ, ತಂತಿ ಉಬ್ಬಿ, ಶಾಫ್ಟ್ ಹಾಯುವ ಕೊಳವೆಯ ಒಳಗೋಡೆಗೆ ಉಜ್ಜುತ್ತ ಕಾದು ತುಂಡಾಗುತ್ತದೆ. ಶಾಫ್ಟಿನ ಒಂದು ತುದಿ ಹಿಡಿದು ಇನ್ನೊಂದನ್ನು ಬೆರಳಿನಿಂದ ತಿರುವಿ ನೋಡಿ, ಬಿಗಿಯಾಗುವ ದಿಕ್ಕು ಯಾವುದೆಂದು ಕೈಗೇ ಗೊತ್ತಾಗುತ್ತದೆ. ಮೋಟರ್ ಅದೇ ದಿಕ್ಕಿಗೆ ತಿರುಗಬೇಕು. ಇಲ್ಲದಿದ್ದರೆ ಬ್ರಶ್‌ಲೆಸ್ ಮೋಟರಿನ ಮೂರು ವೈರುಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಸಾಕು. ಇದು ಗೊತ್ತಿಲ್ಲದ ಹುಡುಗರು, ಬೋಟ್ ಹಿಂದಕ್ಕೆ ಹೋಗುತ್ತಿದೆ ಎಂದು ಉಲ್ಟಾ ಕೈಯ ಪ್ರೊಪೆಲ್ಲರ್ ತಂದು ಹಾಕಿಬಿಡುತ್ತಾರೆ. ಬೋಟ್ ಮುಂದಕ್ಕೇನೋ ಹೋಗುತ್ತದೆ, ಶಾಫ್ಟ್ ಮಾತ್ರ ಬಿಚ್ಚಿಕೊಳ್ಳುತ್ತಲೇ ಇರುತ್ತದೆ. ಜೋರಾಗಿ ರಿವರ್ಸ್ ಹಾಕಿದರೂ ಇದೇ ಗತಿ.

ಮುರಿದ ತುಂಡು ಎಸೆದಿಲ್ಲವಾದರೆ ತೆಗೆದು ನೋಡಿ. ತಂತಿಗಳು ಬಿಡಿಬಿಡಿಯಾಗಿ ಅರಳಿದ್ದರೆ ಅನುಮಾನ ದಿಕ್ಕಿನ ಮೇಲೆ. ಮೋಟರನ್ನೂ ಶಾಫ್ಟನ್ನೂ ಜೋಡಿಸುವ ಕಪ್ಲರಿನ ಬಾಯಲ್ಲೇ ನೇರವಾಗಿ ಮುರಿದಿದ್ದರೆ ಬಹುತೇಕ ಮೋಟರ್ ಮತ್ತು ಕೊಳವೆ ಒಂದೇ ಸಾಲಿಗಿಲ್ಲ. ಮೋಟರ್ ಮೌಂಟಿನ ಸ್ಕ್ರೂ ಸಡಿಲಿಸಿ, ಕಪ್ಲರ್ ಬಿಗಿ ಮಾಡಿ, ಮೋಟರ್ ತಾನಾಗಿ ಎಲ್ಲಿ ಕೂರುತ್ತದೋ ಅಲ್ಲಿಗೆ ಬಿಡಿ. ಮೌಂಟಿನ ಕೆಳಗೆ ಸಂದು ಕಂಡರೆ ಅಷ್ಟೇ ದಪ್ಪದ ತಗಡಿನ ಚೂರು ಕೊಟ್ಟು ಮತ್ತೆ ಬಿಗಿ ಮಾಡಿ. ಆಮೇಲೆ ಪ್ರೊಪೆಲ್ಲರನ್ನು ಕೈಯಲ್ಲಿ ನಿಧಾನ ತಿರುಗಿಸಿ. ಪ್ರತಿ ಸುತ್ತಿಗೆ ಒಂದೇ ಜಾಗದಲ್ಲಿ ಬಿಗಿಯೆನಿಸಿದರೆ ಶಾಫ್ಟಿನ ತುದಿಯಲ್ಲಿ ಪ್ರೊಪೆಲ್ಲರ್ ಕೂರುವ ಗಟ್ಟಿ ಸರಳು ಬಾಗಿದೆ. ಸುತ್ತೆಲ್ಲ ಬಿಗಿಯಿದ್ದರೆ ಸಾಲು ಇನ್ನೂ ಸರಿಯಾಗಿಲ್ಲ.

ಹಿಂಭಾಗದಲ್ಲಿ ಇನ್ನೊಂದು ಕಡೆ ಕಣ್ಣಿಡಿ. ಪ್ರೊಪೆಲ್ಲರನ್ನು ತಳ್ಳಿ ತಿರುಗಿಸುವ ಡ್ರೈವ್ ಡಾಗ್‌ಗೂ ಶಾಫ್ಟ್ ಹೊರಬರುವ ಸ್ಟ್ರಟ್‌ಗೂ ನಡುವೆ 3 ಮಿ.ಮೀ. ಆಸುಪಾಸು ಅಂತರ ಇರಬೇಕು. ಹುರಿ ಬಿಗಿಯಾದ ಶಾಫ್ಟ್ ಉದ್ದದಲ್ಲಿ ಸ್ವಲ್ಪ ಕುಗ್ಗುತ್ತದೆ. ಅಂತರವಿಲ್ಲದಿದ್ದರೆ ಡಾಗ್ ಸ್ಟ್ರಟ್‌ಗೆ ಒತ್ತಿ, ಮೋಟರಿನ ಬೇರಿಂಗನ್ನೂ ಹಿಂದಕ್ಕೆ ಎಳೆಯುತ್ತದೆ. ಮನೆಯಲ್ಲಿ ಕೈಯಿಂದ ತಿರುಗಿಸಿದಾಗ ಎಲ್ಲ ಸಲೀಸು, ನೀರಿಗೆ ಬಿಟ್ಟರೆ ಬಿಗಿ! ಸ್ಟ್ರಟ್‌ನ ಹಿಂಬದಿಯಲ್ಲಿ ಉಜ್ಜಿದ ದುಂಡು ಗುರುತು ಕಂಡರೆ ಕಾರಣ ಇದೇ.

ಈಗ ಕಾಯುವ ಮೋಟರಿನ ವಿಚಾರ. ಕೆವಿಯನ್ನು ವೋಲ್ಟಿನಿಂದ ಗುಣಿಸಿದರೆ ಭಾರವಿಲ್ಲದಾಗಿನ ಸುತ್ತು ಸಿಗುತ್ತದೆ. 3ಎಸ್‌ನ 11.1 ವೋಲ್ಟಿಗೆ ನಿಮ್ಮ ಮೋಟರಿಗೆ ನಿಮಿಷಕ್ಕೆ 22,200 ಸುತ್ತು, 4ಎಸ್‌ನ 14.8ಕ್ಕೆ 29,600. ಮೂರನೇ ಒಂದರಷ್ಟು ಹೆಚ್ಚು, ಅಷ್ಟೇ ಅಲ್ಲವೇ ಎನಿಸುತ್ತದೆ. ಆದರೆ ಅದೇ ಪ್ರೊಪೆಲ್ಲರಿಗೆ ಬೇಕಾಗುವ ಶಕ್ತಿ ಸುತ್ತಿನ ಘನಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಸುಮಾರು 2.4 ಪಟ್ಟು. ಶಾಫ್ಟಿನ ಮೇಲೆ ಬೀಳುವ ತಿರುಚುವ ಬಲ ಸುಮಾರು 1.8 ಪಟ್ಟು. ಭಾರ ಬಿದ್ದಾಗ ಸುತ್ತು ಇಳಿಯುವುದರಿಂದ ನೀರಿನಲ್ಲಿ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಬಾರದು, ದಾರಿ ಮಾತ್ರ ಇದೇ. ನೀವು ಪ್ರೊಪೆಲ್ಲರ್ ಬದಲಿಸಿದ ಮಾತು ಪ್ರಶ್ನೆಯಲ್ಲಿ ಇಲ್ಲ. ವೋಲ್ಟ್ ಏರಿಸಿದವರು ಅದನ್ನು ಚಿಕ್ಕದು ಮಾಡಲೇಬೇಕು. ವ್ಯಾಸದ ಪ್ರಭಾವ ಇನ್ನೂ ಜಬರದಸ್ತು: ಅದೇ ಆಕಾರದ 42 ಮಿ.ಮೀ. ಬಿಟ್ಟು 40 ಹಾಕಿದರೆ, ಸುತ್ತು ಅಷ್ಟೇ ಇದ್ದಾಗ ಬೇಕಾಗುವ ಶಕ್ತಿ ಐದನೇ ಒಂದರಷ್ಟು ಇಳಿಯುತ್ತದೆ. ಎಕ್ಸ್ 440 ಎಂಬಂಥ ಹೆಸರಿದ್ದರೆ ಪಿಚ್ ಅನುಪಾತ (ಒಂದು ಸುತ್ತಿಗೆ ಮುಂದೆ ಸಾಗುವ ದೂರ ವ್ಯಾಸದ ಎಷ್ಟು ಪಟ್ಟು ಎಂಬುದು) 1.4, ವ್ಯಾಸ 40 ಮಿ.ಮೀ. ಎಂದು ಓದಿಕೊಳ್ಳಿ. ಇಂಥ ಲೋಹದ ಪ್ರೊಪೆಲ್ಲರುಗಳಲ್ಲಿ ಕೆಲವು ಬೆರಿಲಿಯಂ ಬೆರೆತ ತಾಮ್ರದವು. ಅವುಗಳನ್ನು ಒಣಗಿದ್ದಾಗ ಫೈಲ್‌ನಿಂದ ಉಜ್ಜಬೇಡಿ, ಆ ಧೂಳು ಪುಪ್ಪುಸಕ್ಕೆ ವಿಷ. ಹರಿತ ಮಾಡುವುದಿದ್ದರೆ ನೀರಿನಲ್ಲಿ ನೆನೆಸಿದ ಎಮರಿ ಪೇಪರಿನಿಂದ, ಮಾಸ್ಕ್ ಹಾಕಿಕೊಂಡು.

ಉಣಕಲ್ ಕೆರೆ ಅಂದಮೇಲೆ ಅಂತರಗಂಗೆ ಕಳೆಯ ಮಾತು ಬರಲೇಬೇಕು. ಅದರ ಬೇರಿನ ಎಳೆ ಸ್ಟ್ರಟ್ ಮತ್ತು ಡಾಗ್ ನಡುವಿನ ಆ 3 ಮಿ.ಮೀ. ಸಂದಿಯಲ್ಲೇ ಸುತ್ತಿಕೊಳ್ಳುವುದು. ಹೊರಗಿನಿಂದ ಪ್ರೊಪೆಲ್ಲರ್ ಸ್ವಚ್ಛ ಕಾಣುತ್ತದೆ, ಒಳಗೆ ಎಳೆ ಬಿಗಿದು ಕೂತಿರುತ್ತದೆ. ಚುಕ್ಕಾಣಿಯ ಪಕ್ಕದ ನೀರು ಹಿಡಿಯುವ ತೂತಿಗೂ ಅದೇ ಕಸ ಅಡರುತ್ತದೆ, ಆಗ ಮೋಟರ್ ಮತ್ತು ಅದರ ವೇಗ ನಿಯಂತ್ರಿಸುವ ಇಎಸ್‌ಸಿ ಎರಡಕ್ಕೂ ತಂಪಿಲ್ಲ. ಬೋಟಿನ ಮಗ್ಗುಲಿಂದ ಚಿಮ್ಮುವ ನೀರಿನ ಧಾರೆ ನಿಂತರೆ ಅಲ್ಲಿಗೇ ದಡಕ್ಕೆ ತನ್ನಿ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಆಯಸ್ಕಾಂತ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಳ್ಳತೊಡಗುತ್ತದೆ, ತಣ್ಣಗಾದ ಮೇಲೂ ಪೂರ್ತಿ ಮರಳದು. ಹೊರಗವಚ 60ರ ಒಳಗಿರಲಿ. ಅಂದಹಾಗೆ, ಕಸದ ನಡುವೆ ಬೋಟ್ ನಿಂತರೆ ಈಜಿ ತರಲು ಹೋಗಬೇಡಿ, ದೋಣಿಯವರನ್ನು ಕೇಳಿ.

ಗ್ರೀಸ್ ವಿಷಯದಲ್ಲಿ ನಮ್ಮ ಕಡೆಯವರು ಬಲು ಉದಾಸೀನ. ಒಮ್ಮೆ ಹಾಕಿದರೆ ವರ್ಷವಿಡೀ ಇರುತ್ತದೆ ಎಂಬ ನಂಬಿಕೆ. ಕೊಳವೆಯೊಳಗೆ ನೀರು ಹೊಕ್ಕೇ ಹೊಗುತ್ತದೆ, ದಡದ ಎರೆಮಣ್ಣು ಕಲಕಿದ ನೀರಾದರಂತೂ ಕೇಳುವುದೇ ಬೇಡ. ಓಡಿಸಿದ ದಿನವೇ ಕಪ್ಲರ್ ಸಡಿಲಿಸಿ ಶಾಫ್ಟನ್ನು ಹಿಂದಿನಿಂದ ಎಳೆದುಬಿಡಿ. ಬಿಳಿ ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿಯಿರಿ. ಗ್ರೀಸ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಬೆರೆತಿದೆ. ಹೊಂಬಣ್ಣದ ಹೊಳಪು ಕಂಡರೆ ಹಿತ್ತಾಳೆ ಕೊಳವೆ ಸವೆಯುತ್ತಿದೆ, ಅದರ ಒಳಪದರವಾದ ಟೆಫ್ಲಾನ್ ಲೈನರ್ ಎಲ್ಲೋ ತೂತಾಗಿದೆ. ಕೊಳವೆಯಲ್ಲಿ ಬಟ್ಟೆ ಆಡಿಸಿ, ಹೊಸ ಗ್ರೀಸನ್ನು ಶಾಫ್ಟಿನುದ್ದಕ್ಕೂ ತೆಳುವಾಗಿ ಸವರಿ ತಿರುವುತ್ತ ಒಳಗೆ ಬಿಡಿ. ಮರೀನ್ ಗ್ರೀಸ್ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಬೇರಿಂಗಿಗೆ ಹಚ್ಚುವ ನೀರು ತಡೆಯುವ ಲಿಥಿಯಂ ಗ್ರೀಸ್ ನಡೆಯುತ್ತದೆ. ಕಪ್ಲರಿನಲ್ಲಿ ಶಾಫ್ಟನ್ನು ಕಚ್ಚಿ ಹಿಡಿಯುವ ಕಾಲೆಟ್ ಒಳಗೆ, ಶಾಫ್ಟಿನ ಮೇಲ್ತುದಿಗೆ ಮಾತ್ರ ಒಂದಿಷ್ಟೂ ಅಂಟಬಾರದು. ಅಲ್ಲಿ ಜಿಡ್ಡಿದ್ದರೆ ಎರಡು ಪಾನಾ ಹಾಕಿ ಎಷ್ಟು ಬಿಗಿದರೂ ಜಾರುತ್ತದೆ.

ಹೊಸ ಶಾಫ್ಟ್ ಉದ್ದವಾಗಿದ್ದು ಕತ್ತರಿಸಬೇಕಾದರೆ, ಕತ್ತರಿಸುವ ಜಾಗಕ್ಕೆ ಮೊದಲು ಸೋಲ್ಡರ್ ಕುಡಿಸಿ, ಆಮೇಲೆ ಕಟಿಂಗ್ ಡಿಸ್ಕ್ ಹಿಡಿಯಿರಿ. ಇಲ್ಲವಾದರೆ ತಂತಿ ಅರಳಿ ಕಾಲೆಟ್‌ಗೆ ತೂರುವುದೇ ಇಲ್ಲ.

ಇಷ್ಟಾದ ಮೇಲೆ ಚಿಕ್ಕ ಪ್ರೊಪೆಲ್ಲರ್ ಹಾಕಿ ಒಂದು ನಿಮಿಷ ಮಾತ್ರ ಓಡಿಸಿ ದಡಕ್ಕೆ ತಂದು ಮೋಟರ್, ಇಎಸ್‌ಸಿ, ಬ್ಯಾಟರಿ, ಕನೆಕ್ಟರ್ ಎಲ್ಲವನ್ನೂ ಮುಟ್ಟಿ ನೋಡಿ. ಕನೆಕ್ಟರ್ ಒಂದೇ ಕಾದಿದ್ದರೆ ತಪ್ಪು ಸೋಲ್ಡರಿನದು, ಅಥವಾ ಎಕ್ಸ್‌ಟಿ60 ಕನೆಕ್ಟರ್ ಹಾಕಿದ ಕಡೆ ಹೆಚ್ಚು ಕರೆಂಟ್ ತಾಳುವ ಎಕ್ಸ್‌ಟಿ90 ಬೇಕಾಗಿದೆ. ಎಲ್ಲ ತಣ್ಣಗಿದ್ದು, ಸಾಲೂ ದಿಕ್ಕೂ ಸರಿಯಿದ್ದು, ಆಗಲೂ 4 ಮಿ.ಮೀ. ಶಾಫ್ಟ್ ತುಂಡಾದರೆ ಆಗ 4.76ಕ್ಕೆ ಹೋಗಿ. ಅದಕ್ಕೆ ಕೊಳವೆ, ಲೈನರ್, ಕಾಲೆಟ್, ಸ್ಟ್ರಟ್, ಪ್ರೊಪೆಲ್ಲರಿನ ತೂತು ಎಲ್ಲ ಬದಲಾಗಬೇಕು, ಖರ್ಚು ಹೊಸ ಮೋಟರಿಗಿಂತ ಕಡಿಮೆ ಬೀಳುವುದಿಲ್ಲ.